ಈ ಅಮೋನಿಯ ಎಲ್ಲಿಂದ ಬಂತು?

ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು ಕೇರಿಗೆ ಬರುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಘಾಟು ನೆನಪಿರುತ್ತದೆ. ಕಾದ ಪಾತ್ರೆಯೊಳಗೆ ಅವನು ಚಿಟಿಕೆ ನವಸಾಗರದ ಪುಡಿ ಉದುರಿಸಿ, ತವರವನ್ನು ಹತ್ತಿಯಿಂದ ಸವರುತ್ತಿದ್ದಂತೆ ಬಿಳಿಯ ಹೊಗೆ ಏಳುತ್ತಿತ್ತು. ಸುತ್ತ ನಿಂತ ಮಕ್ಕಳು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಕಾವು ತಗುಲಿದಾಗ ಅದು ಒಡೆದು ಅಮೋನಿಯ ಹೊರಬೀಳುತ್ತದೆ. ಆ ಅಮೋನಿಯ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಪುಡಿ ಉದುರಿಸಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಆದರೆ ಕಳೆದ ನೂರಿಪ್ಪತ್ತೈದು ವರ್ಷಗಳ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಇದೇ ಸರಳ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ದೊಡ್ಡ ದೊಡ್ಡವರನ್ನು ತಲೆತಗ್ಗಿಸುವಂತೆ ಮಾಡಿದೆ. ಹಲವು ಬಾರಿ ವಿಜ್ಞಾನವನ್ನು ದಾರಿಗೂ ತಂದಿದೆ.

ಈ ಪ್ರಶ್ನೆಯನ್ನು ಮುಂಬಯಿಯಲ್ಲಿ ನಿಂತು ಕೇಳಲು ನಮಗೆ ಕಾರಣವಿದೆ. ನಗರದ ಪೂರ್ವ ಅಂಚಿನ ಟ್ರಾಂಬೆಯಲ್ಲಿ 1954 ಮತ್ತು 1955ರಲ್ಲಿ ಎರಡು ಎಣ್ಣೆ ಶುದ್ಧೀಕರಣಾಗಾರಗಳು ಎದ್ದವು. 1956ರಲ್ಲಿ ಅಲ್ಲಿಯೇ ‘ಅಪ್ಸರಾ’ ಪರಮಾಣು ರಿಯಾಕ್ಟರು ಚಾಲನೆಗೊಂಡಿತು. 1965ರಲ್ಲಿ ಭಾರತೀಯ ರಸಗೊಬ್ಬರ ನಿಗಮದ ಟ್ರಾಂಬೆ ಘಟಕ ಉತ್ಪಾದನೆ ಆರಂಭಿಸಿತು. 1978ರಲ್ಲಿ ನಿಗಮದ ಪುನರ್ವಿಂಗಡಣೆಯಾದಾಗ ಈ ಘಟಕವೇ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸಂಸ್ಥೆಯಾಯಿತು. ಇಲ್ಲಿಂದ ಹೊರಟ ‘ಸುಫಲಾ’ ಗೊಬ್ಬರದ ಚೀಲಗಳು ಕರ್ನಾಟಕದ ಹೊಲಗಳನ್ನೂ ತಲುಪಿದವು. ಊರಿನಲ್ಲಿ ಉಳಿದ ಅಣ್ಣ ಗದ್ದೆಗೆ ಎರಚುವ ಗೊಬ್ಬರ, ಮುಂಬಯಿಗೆ ಬಂದ ತಮ್ಮ ದಿನನಿತ್ಯ ರೈಲಿನಿಂದ ನೋಡುವ ಚಿಮಣಿಗಳ ಅಡಿಯಲ್ಲಿ ತಯಾರಾಗಿರಬಹುದೆಂಬ ಸಂಬಂಧ ಇಬ್ಬರಿಗೂ ಹೊಳೆಯದೆ ಹೋಗಿರಬಹುದು, ಸಂಬಂಧವಂತೂ ಇತ್ತು.

ಮುಂಬಯಿ ಕನ್ನಡಿಗರ ಬದುಕಿಗೆ ರಾಸಾಯನಿಕ ಕೈಗಾರಿಕೆ ಹೊರಗಿನದೇನಲ್ಲ. ಪಾಲಿಮರ್ ತಂತ್ರಜ್ಞರಾಗಿ ಇಲ್ಲಿಯೇ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’ಯ ನಾಗಪ್ಪ ರಾಸಾಯನಿಕ ಕಂಪೆನಿಯೊಂದರ ಅಧಿಕಾರಿ, ಕೆಲಸದಿಂದ ಅಮಾನತಾಗಿ, ತನ್ನ ಮೇಲಿನ ಆಪಾದನೆ ಹುಟ್ಟಿದ್ದೆಲ್ಲಿ ಎಂದು ಹುಡುಕುತ್ತ ತಳಮಳಿಸುವವನು. ಅಮೋನಿಯದ ಚರಿತ್ರೆಯೂ ಇಂಥ ಮೂಲಶೋಧದ ಚರಿತ್ರೆಯೇ.

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಪಾಲು ಸಾರಜನಕ. ಆದರೂ ಪೈರು ಸಾರಜನಕಕ್ಕಾಗಿ ಹಸಿದಿರುತ್ತದೆ. ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಆ ಗಂಟನ್ನು ಬಿಚ್ಚುವ ಶಕ್ತಿ ಗಿಡಗಳಿಗಿಲ್ಲ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ತೊಗರಿ, ಹುರುಳಿ, ಅವರೆಗಳನ್ನು ಬೆಳೆಗಳ ನಡುವೆ ಬಿತ್ತುತ್ತಿದ್ದ ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಯುರೋಪು ಮಾತ್ರ ದಕ್ಷಿಣ ಅಮೆರಿಕದ ಚಿಲಿಯಿಂದ ಹಡಗುಗಳಲ್ಲಿ ಬರುತ್ತಿದ್ದ ಪೆಟ್ಲುಪ್ಪನ್ನು ನೆಚ್ಚಿಕೊಂಡಿತ್ತು. 1898ರಲ್ಲಿ ಬ್ರಿಸ್ಟಲಿನಲ್ಲಿ ಮಾತನಾಡಿದ ವಿಲಿಯಂ ಕ್ರುಕ್ಸ್, ಈ ನಿಕ್ಷೇಪ ಬರಿದಾದರೆ ಗೋಧಿ ತಿನ್ನುವ ಜನ ಹಸಿಯಬೇಕಾಗುತ್ತದೆಂದೂ ಗಾಳಿಯ ಸಾರಜನಕವನ್ನು ಹಿಡಿದಿಡುವ ವಿದ್ಯೆಯನ್ನು ರಸಾಯನಶಾಸ್ತ್ರಜ್ಞರೇ ಕಂಡುಹಿಡಿಯಬೇಕೆಂದೂ ಎಚ್ಚರಿಸಿದರು.

ಎರಡೇ ವರ್ಷಗಳಲ್ಲಿ ಉತ್ತರ ಸಿಕ್ಕಂತೆ ಕಂಡಿತು. 1900ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಓಸ್ಟ್‌ವಾಲ್ಡ್, ಕಾದ ಕಬ್ಬಿಣದ ತಂತಿಯ ಮೇಲೆ ಸಾರಜನಕ ಮತ್ತು ಜಲಜನಕಗಳನ್ನು ಹಾಯಿಸಿ ಅಮೋನಿಯ ಪಡೆದೆನೆಂದು ಬಿಎಎಸ್ಎಫ್ ಕಂಪೆನಿಗೆ ತಿಳಿಸಿದರು. ಓಸ್ಟ್‌ವಾಲ್ಡ್ ಆಗಲೇ ಜಗದ್ವಿಖ್ಯಾತರು. ಮುಂದೆ 1909ರಲ್ಲಿ, ಕ್ರಿಯಾವರ್ಧಕಗಳ ಮೇಲಿನ ಕೆಲಸಕ್ಕಾಗಿಯೇ ನೊಬೆಲ್ ಪಡೆದವರು. ಆ ಪ್ರಯೋಗವನ್ನು ಪರೀಕ್ಷಿಸುವ ಹೊಣೆ, ಕಂಪೆನಿಗೆ ಹೊಸದಾಗಿ ಸೇರಿದ್ದ ಕಾರ್ಲ್ ಬಾಷ್ ಎಂಬ ತರುಣನ ಪಾಲಿಗೆ ಬಂತು. ಬಾಷ್ ಕೇಳಿದ್ದು ಒಂದೇ ಪ್ರಶ್ನೆ: ಈ ಅಮೋನಿಯ ಎಲ್ಲಿಂದ ಬಂತು? ಪರೀಕ್ಷಿಸಿ ನೋಡಿದರೆ, ಅದು ಗಾಳಿಯ ಸಾರಜನಕದಿಂದ ಹುಟ್ಟಿದ್ದಲ್ಲ. ಕಬ್ಬಿಣದೊಳಗೆ ಮೊದಲೇ ನೈಟ್ರೈಡ್ ರೂಪದಲ್ಲಿ ಅಡಗಿದ್ದ ಸಾರಜನಕ ಜಲಜನಕದೊಡನೆ ಸೇರಿ ಹೊರಬಂದಿತ್ತು. ಅಂದರೆ ತಂತಿಯ ಹೊಟ್ಟೆಯಲ್ಲಿದ್ದುದನ್ನೇ ತಂತಿ ಕಕ್ಕಿತ್ತು. ಓಸ್ಟ್‌ವಾಲ್ಡ್ ತಮ್ಮ ಪೇಟೆಂಟ್ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮುಂದಿನ ಅಧ್ಯಾಯ ಫ್ರಿಟ್ಸ್ ಹೇಬರ್ ಅವರದು. 1904-05ರಲ್ಲಿ ಅವರು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅಳೆದಾಗ ಸಿಕ್ಕ ಅಮೋನಿಯ ಶೇಕಡಾ ನೂರನೇ ಒಂದು ಪಾಲಿನ ಆಸುಪಾಸು. 1907ರಲ್ಲಿ ವಾಲ್ಟರ್ ನೆರ್ನ್ಸ್ಟ್, ಈ ಅಂಕಿ ತಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲ, ಹೇಬರ್ ಅಳತೆ ಹೆಚ್ಚಾಗಿದೆ ಎಂದು ವಿದ್ವತ್ಸಭೆಯಲ್ಲಿಯೇ ಆಕ್ಷೇಪಿಸಿದರು. ಅವಮಾನಿತರಾದ ಹೇಬರ್ ರಾಬರ್ಟ್ ಲೆ ರಾಸಿನಾಲ್ ಅವರೊಡನೆ ಮತ್ತೆ ಅಳೆಯಲು ಕುಳಿತರು. ಹಳೆಯ ಅಂಕಿ ತಿದ್ದುಪಡಿಯಾಯಿತು. ಒತ್ತಡ ಹೆಚ್ಚಿಸಿದರೆ ಫಲ ಹೆಚ್ಚುತ್ತದೆಂಬ ಭರವಸೆಯೂ ಆ ಮರು ಅಳತೆಯಲ್ಲಿಯೇ ಗಟ್ಟಿಯಾಯಿತು. 1909ರ ಜುಲೈನಲ್ಲಿ ಕಾರ್ಲ್ಸ್‌ರೂಹೆ ನಗರದ ಪ್ರಯೋಗಾಲಯದಲ್ಲಿ ಆಸ್ಮಿಯಂ ಲೋಹವನ್ನು ಕ್ರಿಯಾವರ್ಧಕವಾಗಿಸಿಕೊಂಡು ಅಮೋನಿಯವನ್ನು ಹನಿಹನಿಯಾಗಿ ಇಳಿಸಿ ತೋರಿಸಿದರು. ಆಲ್ವಿನ್ ಮಿಟಾಷ್ ಅವರ ತಂಡ ಸಾವಿರಾರು ಪರೀಕ್ಷೆಗಳ ಬಳಿಕ ಅಗ್ಗದ ಕಬ್ಬಿಣದ ಕ್ರಿಯಾವರ್ಧಕವನ್ನು ಸಿದ್ಧಪಡಿಸಿತು. ಓಸ್ಟ್‌ವಾಲ್ಡ್ ಅವರ ತಂತಿಯನ್ನು ಪ್ರಶ್ನಿಸಿದ್ದ ಅದೇ ಬಾಷ್ 1913ರಲ್ಲಿ ಓಪ್ಪಾವಿನಲ್ಲಿ ಕಾರ್ಖಾನೆಯನ್ನು ನಿಲ್ಲಿಸಿದರು. ಸುಳ್ಳು ಅಮೋನಿಯವನ್ನು ಗುರುತಿಸಿದವನ ಕೈಯಿಂದಲೇ ನಿಜವಾದ ಅಮೋನಿಯ ಟನ್ನುಗಟ್ಟಲೆ ಹರಿದುಬಂದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಈ ಅಮೋನಿಯ ಗದ್ದೆಯನ್ನೂ ಸೇರಿತು, ಮೊದಲ ಮಹಾಯುದ್ಧದ ಮದ್ದುಗುಂಡನ್ನೂ ಸೇರಿತು. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಅನ್ನ ಈ ವಿಧಾನವನ್ನು ಅವಲಂಬಿಸಿದೆಯೆಂದು ಅಂದಾಜು. ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯ ತಯಾರಾಗುತ್ತದೆ. 400ರಿಂದ 500 ಡಿಗ್ರಿ ಕಾವು, ನೂರಕ್ಕೂ ಮೀರಿದ ವಾಯುಭಾರದ ಒತ್ತಡ, ಇವೆರಡರ ಖರ್ಚಿಗಿಂತ ದೊಡ್ಡ ಖರ್ಚು ಜಲಜನಕದ್ದು. ಸಾರಜನಕ ಗಾಳಿಯಲ್ಲಿ ಬಿಟ್ಟಿ ಸಿಗುತ್ತದೆ. ಜಲಜನಕವನ್ನು ಯಾವುದಾದರೂ ವಸ್ತುವಿನಿಂದ ಕಿತ್ತು ತೆಗೆಯಬೇಕು. ಆದ್ದರಿಂದ ‘ಎಲ್ಲಿಂದ ಬಂತು’ ಎಂಬ ಪ್ರಶ್ನೆಯನ್ನು ಕಾರ್ಖಾನೆಗೂ ಕೇಳಬೇಕಾಗುತ್ತದೆ.

ಕೇಳಿದರೆ ಭಾರತದ ರಸಗೊಬ್ಬರದ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೈಸೂರಿನ ಸಮೀಪದ ಬೆಳಗೊಳದಲ್ಲಿ, ಸಂಸ್ಥಾನದ ಕಾಲದಲ್ಲಿಯೇ, 1930ರ ದಶಕದ ಕೊನೆಯ ಭಾಗದಲ್ಲಿ ಸ್ಥಾಪನೆಯಾದ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ನಮ್ಮ ದೇಶದ ಅಮೋನಿಯ ಉದ್ಯಮದ ಮೊದಲಿಗರಲ್ಲೊಂದು. 1947ರಲ್ಲಿ ಕೇರಳದ ಆಲುವಾದಲ್ಲಿ ಆರಂಭವಾದ ಕಾರ್ಖಾನೆ ಕಟ್ಟಿಗೆಯನ್ನು ಅನಿಲವಾಗಿಸಿ ಜಲಜನಕ ಪಡೆಯಿತು. 1951ರಲ್ಲಿ ಉತ್ಪಾದನೆ ಆರಂಭಿಸಿದ ಸಿಂದ್ರಿ ಕಲ್ಲಿದ್ದಲಿನ ಕೋಕ್ ನೆಚ್ಚಿಕೊಂಡಿತು. 1961ರಲ್ಲಿ ಪಂಜಾಬಿನ ನಂಗಲ್ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನೇ ಒಡೆದು ಜಲಜನಕ ತೆಗೆಯಿತು. ಟ್ರಾಂಬೆ ನೆರೆಯ ಶುದ್ಧೀಕರಣಾಗಾರಗಳ ನಾಫ್ತಾ ಮತ್ತು ಅನಿಲಗಳನ್ನು ಬಳಸಿತು. 1974ರಲ್ಲಿ ಬಾಂಬೆ ಹೈ ಪತ್ತೆಯಾದ ಬಳಿಕ ಕಡಲ ತಳದ ಅನಿಲದತ್ತ ಹೊರಳಿತು. ಮುಂಬಯಿಯ ತುಳು, ಕನ್ನಡ ಮನೆಗಳ ತವರಾದ ಕರಾವಳಿಯಲ್ಲಿ, ಪಣಂಬೂರಿನ ಕಾರ್ಖಾನೆ 1976ರಿಂದ ದಶಕಗಟ್ಟಲೆ ನಾಫ್ತಾದ ಮೇಲೆ ನಡೆದು, ಕೊಚ್ಚಿಯಿಂದ ಮಂಗಳೂರಿಗೆ ಕೊಳವೆಮಾರ್ಗ ಬಂದ ನಂತರ ಅನಿಲಕ್ಕೆ ಬದಲಾಯಿತು. ಕಟ್ಟಿಗೆ, ಕೋಕ್, ನೀರು, ನಾಫ್ತಾ, ಅನಿಲ: ಗೊಬ್ಬರದ ಚೀಲದ ಮೇಲಿನ ಹೆಸರು ಏನೇ ಇರಲಿ, ಒಳಗಿನ ಕಥೆ ಇದು.

ಇವುಗಳಲ್ಲಿ ನಂಗಲ್‌ನ ದಾರಿ ನಮ್ಮ ಗಮನ ಸೆಳೆಯುತ್ತದೆ. ವಿದ್ಯುತ್ತಿನಿಂದ ಗೊಬ್ಬರ ಎಂಬ ಆಸೆ ಹೊಸದಲ್ಲ. 1903ರಲ್ಲಿಯೇ ನಾರ್ವೆಯ ಬಿರ್ಕೆಲಾಂಡ್ ಮತ್ತು ಐಡೆ ಕೃತಕ ಮಿಂಚಿನಂಥ ವಿದ್ಯುತ್ ಜ್ವಾಲೆಯಲ್ಲಿ ಗಾಳಿಯನ್ನು ಸುಟ್ಟು ಸಾರಜನಕವನ್ನು ಹಿಡಿದಿದ್ದರು. ಜಲಪಾತಗಳ ನಾಡಿನಲ್ಲೂ ಅದು ಬಳಸುವ ವಿದ್ಯುತ್ತು ದುಬಾರಿಯಾಗಿ, ಹೇಬರ್ ವಿಧಾನದ ಮುಂದೆ ಸೋತಿತು. ನಂಗಲ್‌ನಲ್ಲಿಯೂ ವಿದ್ಯುತ್ತಿಗೆ ಬೇರೆ ಬೇಡಿಕೆಗಳು ಹೆಚ್ಚಿದಂತೆ ನೀರು ಒಡೆಯುವ ಮಾರ್ಗ ಹಿಂದೆ ಸರಿಯಿತು. ಈಗ ಗಾಳಿ, ಬಿಸಿಲುಗಳಿಂದ ಅಗ್ಗದ ವಿದ್ಯುತ್ತು ದೊರೆಯುತ್ತಿರುವಾಗ, ಅಮೋನಿಯ ಉದ್ಯಮದಿಂದ ವರ್ಷಕ್ಕೆ ಸುಮಾರು 45 ಕೋಟಿ ಟನ್ ಇಂಗಾಲದ ಡೈಆಕ್ಸೈಡು ವಾತಾವರಣ ಸೇರುತ್ತಿರುವಾಗ, ಆ ಹಳೆಯ ಆಸೆ ಮತ್ತೆ ಚಿಗುರಿದೆ. 2023ರ ಜನವರಿಯಲ್ಲಿ ಕೇಂದ್ರ ಸರಕಾರ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಈ ಹಿನ್ನೆಲೆಯಲ್ಲಿಯೇ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಕನಸೂ ಇದೆ. ಜಲಜನಕವನ್ನು ಬೇರೆಯಾಗಿ ತಯಾರಿಸುವುದೇ ಬೇಡ. ಸಾಧಾರಣ ಕಾವಿನಲ್ಲಿ, ಸಾಧಾರಣ ಒತ್ತಡದಲ್ಲಿ, ನೀರಿನಲ್ಲಿ ಎರಡು ವಿದ್ಯುದಗ್ರಗಳನ್ನಿಟ್ಟು, ಒಂದರ ಬಳಿ ಸಾರಜನಕ ಹಾಯಿಸಿ ನೇರವಾಗಿ ಅಮೋನಿಯ ಪಡೆಯಬಾರದೇಕೆ? ಹಾಗಾದರೆ ಮಹಾ ಕಾರ್ಖಾನೆಯೂ ಬೇಡ, ಸಾವಿರ ಕಿಲೋಮೀಟರಿನ ಸಾಗಣೆಯೂ ಬೇಡ. ಬಿಜಾಪುರದ ಹೊಲದ ಬದುವಿನಲ್ಲಿಯೇ ಸೌರಫಲಕವೊಂದು ಗೊಬ್ಬರ ಮಾಡಿಕೊಟ್ಟೀತು. ಯೂರಿಯಕ್ಕಾಗಿ ಸರದಿಯಲ್ಲಿ ನಿಂತ ರೈತನ ಕಿವಿಗೆ ಇದಕ್ಕಿಂತ ಇಂಪಾದ ಮಾತು ಬೇರೆ ಇರಲಾರದು. ಅದಕ್ಕಾಗಿಯೇ ಈ ಮಾತನ್ನು ತೂಗಿ ಆಡಬೇಕಾದ ಹೊಣೆಯೂ ದೊಡ್ಡದು.

ಈ ಕನಸಿನ ಕೀಲಿಕೈಯೆಂದು ಇಂದು ಹೇಳಲಾಗುತ್ತಿರುವುದು ಏಕಪರಮಾಣು ಕ್ರಿಯಾವರ್ಧಕ. ಲೋಹದ ಗಟ್ಟಿಯಲ್ಲಿ ಹೊರಮೈಯ ಪರಮಾಣುಗಳಷ್ಟೇ ದುಡಿಯುತ್ತವೆ. ಒಳಗಿನವು ಸುಮ್ಮನೆ ಕುಳಿತಿರುತ್ತವೆ. ಲೋಹವನ್ನು ಸಣ್ಣ ಸಣ್ಣ ಕಣಗಳಾಗಿ ಒಡೆಯುತ್ತ ಹೋದಂತೆ ದುಡಿಯುವ ಕೈಗಳು ಹೆಚ್ಚುತ್ತವೆ. ಈ ಒಡೆಯುವಿಕೆಯ ಕೊನೆಯ ಮೆಟ್ಟಿಲಲ್ಲಿ ಪ್ರತಿ ಪರಮಾಣುವೂ ಒಂಟಿಯಾಗಿ, ಮತ್ತೊಂದು ವಸ್ತುವಿನ ಮೇಲೆ ಬೇರೂರಿ ನಿಲ್ಲುತ್ತದೆ. 2011ರಲ್ಲಿ ಚೀನಾದ ತಾವೋ ಜಾಂಗ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಮೇಲೆ ಪ್ಲಾಟಿನಮ್ಮಿನ ಒಂಟಿ ಪರಮಾಣುಗಳನ್ನು ನೆಲೆಗೊಳಿಸಿ, ಅವು ಕ್ರಿಯಾವರ್ಧಕವಾಗಿ ದುಡಿಯುವುದನ್ನು ತೋರಿಸಿದ ಮೇಲೆ ಈ ಹೆಸರು ನೆಲೆಯೂರಿತು. ಅಮೋನಿಯಕ್ಕಾಗಿ ಕಬ್ಬಿಣ, ಮಾಲಿಬ್ಡಿನಂ, ರುಥೇನಿಯಂಗಳ ಪರಮಾಣುಗಳನ್ನು ಇಂಗಾಲದ ಹಾಳೆಯ ಮೇಲೆ ಕೂರಿಸುವ ಪ್ರಯತ್ನಗಳು ನಡೆದಿವೆ. ಹಾಳೆಯಿಂದ ಲೋಹ ಕಳಚದಂತೆ ಅದನ್ನು ಸಾಮಾನ್ಯವಾಗಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸಾರಜನಕ ಪರಮಾಣುಗಳು. ಸಾರಜನಕದ ಗಂಟಿಗೆ ಲೋಹ ಒಂದು ಕಡೆಯಿಂದ ಎಲೆಕ್ಟ್ರಾನು ಕೊಟ್ಟು ಸಡಿಲಿಸಿದರೆ, ನೀರಿನಿಂದ ಬಂದ ಪ್ರೋಟಾನುಗಳು ಒಂದೊಂದಾಗಿ ಅಂಟಿಕೊಂಡು, ಆರು ಎಲೆಕ್ಟ್ರಾನು, ಆರು ಪ್ರೋಟಾನುಗಳ ಬಳಿಕ ಎರಡು ಅಮೋನಿಯ ಅಣುಗಳು ಹುಟ್ಟಬೇಕೆಂಬುದು ಲೆಕ್ಕಾಚಾರ.

ಲೆಕ್ಕ ಸೊಗಸಾಗಿದೆ, ತೊಡಕು ಪಾತ್ರೆಯೊಳಗಿದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸಾರಜನಕ 20 ಮಿಲಿಗ್ರಾಮಿಗೂ ಕಡಿಮೆ. ಹೀಗಾಗಿ ವಿದ್ಯುದಗ್ರದ ಬಳಿ ಸಾರಜನಕ ವಿರಳ, ನೀರು ಧಾರಾಳ. ಕೊಟ್ಟ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಅಮೋನಿಯ ಮಾಡುವ ಬದಲು ನೀರಿನಿಂದ ಜಲಜನಕದ ಗುಳ್ಳೆಗಳನ್ನೆಬ್ಬಿಸಿ ವ್ಯರ್ಥವಾಗುತ್ತವೆ. ಉಳಿದು ಸಿಗುವ ಅಮೋನಿಯವನ್ನು ಪ್ರಯೋಗಾಲಯಗಳು ಮೈಕ್ರೊಗ್ರಾಮುಗಳಲ್ಲಿ ಅಳೆಯುತ್ತವೆ. ಟ್ರಾಂಬೆಯ ಕಾರ್ಖಾನೆ ಅಳೆಯುವುದು ಟನ್ನುಗಳಲ್ಲಿ. ಒಂದು ಮೈಕ್ರೊಗ್ರಾಮಿಗೂ ಒಂದು ಟನ್ನಿಗೂ ನಡುವೆ ಲಕ್ಷ ಕೋಟಿ ಪಟ್ಟಿನ ಅಂತರ.

ಅಂತರಕ್ಕಿಂತ ಗಹನವಾದ ಸಮಸ್ಯೆ ಬಾಷ್ ಕೇಳಿದ ಪ್ರಶ್ನೆಯೇ. ಅಷ್ಟು ಅಲ್ಪ ಪ್ರಮಾಣದ ಅಮೋನಿಯ ಎಲ್ಲೆಲ್ಲೂ ಇದೆ: ಪ್ರಯೋಗ ಮಾಡುವವನ ಉಸಿರಿನಲ್ಲಿ, ಬೆವರಿನಲ್ಲಿ, ಕೋಣೆಯ ಗಾಳಿಯಲ್ಲಿ. ಕೈಗವಸಿನ ರಬ್ಬರಿನಲ್ಲಿ ನೈಟ್ರೇಟು ಇರಬಹುದು. ಅನಿಲದ ಸಿಲಿಂಡರಿನಲ್ಲಿ ಸಾರಜನಕದ ಆಕ್ಸೈಡುಗಳ ಲೇಶವಿರಬಹುದು. ಇವು ಗಾಳಿಯ ಸಾರಜನಕಕ್ಕಿಂತ ಬಹು ಸುಲಭವಾಗಿ ಅಮೋನಿಯವಾಗುತ್ತವೆ. ಲೋಹದ ಪರಮಾಣುವನ್ನು ಹಿಡಿದಿಟ್ಟ ಸಾರಜನಕವೂ ಸಂಶಯಕ್ಕೆ ಹೊರತಲ್ಲ: ಕ್ರಿಯಾವರ್ಧಕ ಶಿಥಿಲವಾಗಿ ಅದೇ ಅಮೋನಿಯವಾಗಿ ಹೊರಬರಬಹುದು. 1900ರ ಕಬ್ಬಿಣದ ತಂತಿಯ ಕಥೆ ಶತಮಾನದ ನಂತರ ಮರಳಿ ಬಂದಂತಾಯಿತು.

2019ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್ ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಕಟ್ಟುನಿಟ್ಟಾದ ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ಮೊದಲು ಸಾರಜನಕದ ಬದಲು ಆರ್ಗಾನ್ ಹಾಯಿಸಿ ನೋಡಬೇಕು. ಆಗಲೂ ಅಮೋನಿಯ ಸಿಕ್ಕರೆ ಅದು ಹೊರಗಿನದು. ಬಳಿಕ ಸಾಮಾನ್ಯ ಸಾರಜನಕ-14ರ ಬದಲು ಅದರ ಭಾರವಾದ ಸಮಸ್ಥಾನಿ ಸಾರಜನಕ-15 ಬಳಸಬೇಕು. ಕಾಂತೀಯ ಅನುರಣನ ಯಂತ್ರದಲ್ಲಿ ಮೊದಲನೆಯದರ ಅಮೋನಿಯಂ ಮೂರು ಶಿಖರಗಳನ್ನೂ ಎರಡನೆಯದರದು ಎರಡು ಶಿಖರಗಳನ್ನೂ ತೋರುತ್ತದೆ; ಹುಟ್ಟಿದ ಮನೆ ಯಾವುದೆಂಬುದು ಮುಖದಲ್ಲೇ ಬರೆದಂತೆ. ಆ ಸಾರಜನಕ-15ರ ಸಿಲಿಂಡರೂ ಕಲುಷಿತವಾಗಿರಬಹುದಾದ್ದರಿಂದ ಅದನ್ನೂ ತೊಳೆದೇ ಬಳಸಬೇಕು. ಹೀಗೆ ಪರೀಕ್ಷಿಸಿದಾಗ, ಅವರು ನೀರಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ ನಂಬಬಹುದಾದ ಅಮೋನಿಯ ಸಿಗಲಿಲ್ಲ. ನಿಂತದ್ದು ಸಾವಯವ ದ್ರವದಲ್ಲಿ ಲಿಥಿಯಂ ಲೋಹವನ್ನು ಮಧ್ಯವರ್ತಿಯಾಗಿಸಿಕೊಂಡ ವಿಧಾನವೊಂದೇ. ಅದರ ಬೀಜ ಹೊಸದಲ್ಲ. 1930ರಷ್ಟು ಹಿಂದೆ ಫಿಖ್ಟರ್ ಅವರೂ 1990ರ ದಶಕದಲ್ಲಿ ಜಪಾನಿನ ತ್ಸುನೆತೊ ಅವರೂ ಆ ದಾರಿಯಲ್ಲಿ ನಡೆದಿದ್ದರು.

ಇದರರ್ಥ ಏಕಪರಮಾಣುವಿನ ಮಾರ್ಗ ಮುಚ್ಚಿತೆಂದಲ್ಲ. ಅದೇ ಬಗೆಯ ಕಬ್ಬಿಣದ ಒಂಟಿ ಪರಮಾಣುಗಳು ನೈಟ್ರೇಟನ್ನು ಅಮೋನಿಯವಾಗಿ ಬದಲಿಸುವುದನ್ನು 2021ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ತೋರಿಸಿದೆ. ನೈಟ್ರೇಟಿನಲ್ಲಿ ಆ ಮೂರು ಬಂಧಗಳ ಬಿಗಿ ಗಂಟಿಲ್ಲ. ಆದ್ದರಿಂದ ಕೆಲಸ ಹಗುರ. ಆದರೆ ಇಲ್ಲಿಯೂ ಕೇಳಬೇಕು: ನೈಟ್ರೇಟು ಎಲ್ಲಿಂದ ಬಂತು? ಅಮೋನಿಯದಿಂದಲೇ ತಯಾರಿಸಿದ ನೈಟ್ರೇಟನ್ನು ಮತ್ತೆ ಅಮೋನಿಯವಾಗಿಸಿದರೆ ಅದು ಹಿಟ್ಟನ್ನು ಮರಳಿ ಬೀಸಿದಂತೆ. ಕಾರ್ಖಾನೆಯ ತ್ಯಾಜ್ಯನೀರಿನಿಂದ, ಗೊಬ್ಬರ ಹೆಚ್ಚಾಗಿ ಕೆಟ್ಟ ಅಂತರ್ಜಲದಿಂದ ಬಂದುದಾದರೆ ಅದು ಕಳೆದದ್ದನ್ನು ಮರಳಿ ಪಡೆದಂತೆ. ಟ್ರಾಂಬೆಯ ರಸಗೊಬ್ಬರ ಕಾರ್ಖಾನೆ ಈಗಾಗಲೇ ನಗರದ ಒಳಚರಂಡಿ ನೀರನ್ನು ಶುದ್ಧೀಕರಿಸಿ ತನ್ನ ಕೆಲಸಕ್ಕೆ ಬಳಸುತ್ತಿದೆ. ಕೋಟಿಗಟ್ಟಲೆ ಜನ ಉಂಡ ಅನ್ನದ ಸಾರಜನಕ ಇಲ್ಲಿನ ಚರಂಡಿಗಳಲ್ಲಿ ಹರಿದು ಕಡಲು ಸೇರುವಾಗ, ಅದನ್ನು ಹಿಂದಕ್ಕೆ ಪಡೆಯುವ ವಿದ್ಯೆ ಈ ಊರಿಗೆ ಸಣ್ಣ ಸಂಗತಿಯಲ್ಲ.

ಮಾಟುಂಗದಲ್ಲಿ 1926ರಿಂದ ಕನ್ನಡದ ದೀಪ ಹಚ್ಚಿಟ್ಟ ಮೈಸೂರು ಅಸೋಸಿಯೇಷನ್ನಿನಿಂದ ನಡೆದು ಹೋಗಬಹುದಾದ ದೂರದಲ್ಲಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಹುಟ್ಟಿದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ಪೊವಾಯಿಯಲ್ಲಿ 1958ರ ಐಐಟಿ ಇದೆ. ಟ್ರಾಂಬೆಯಲ್ಲಿ ಭಾಭಾ ಕೇಂದ್ರವಿದೆ. ಇಂಥ ಸಂಸ್ಥೆಗಳಲ್ಲಿ ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಸುತ್ತಾರೆ. ಗಾಳಿ, ನೀರಿನಿಂದ ಗೊಬ್ಬರ ಬಂತೆಂಬ ಸುದ್ದಿ ನಾಳೆ ಯಾವುದಾದರೂ ಪತ್ರಿಕೆಯಲ್ಲಿ ಕಂಡರೆ ಅವರಿಗೂ ನಾವು ಸಂತೋಷದಿಂದಲೇ ಆ ಹಳೆಯ ಪ್ರಶ್ನೆಯನ್ನು ಕೇಳಬೇಕು. ಅದು ಅವಿಶ್ವಾಸದ ಮಾತಲ್ಲ. ಓಸ್ಟ್‌ವಾಲ್ಡ್ ಅವರನ್ನು ಬಾಷ್ ಕೇಳದಿದ್ದರೆ, ಹೇಬರ್ ಅವರನ್ನು ನೆರ್ನ್ಸ್ಟ್ ಕೆಣಕದಿದ್ದರೆ ಓಪ್ಪಾವಿನ ಕಾರ್ಖಾನೆ ಇನ್ನಷ್ಟು ತಡವಾಗುತ್ತಿತ್ತೋ ಏನೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಗಾದೆ ಹೇಳುತ್ತದೆ. ಮೈಕ್ರೊಗ್ರಾಮಿನ ಲೆಕ್ಕದಲ್ಲಿ ಅಮೋನಿಯ ಪ್ರತ್ಯಕ್ಷವಾಗುವುದು ಸುಲಭ, ಪ್ರಮಾಣವಾಗುವುದು ಕಷ್ಟ. ಹೊಲದ ಬದುವಿನಲ್ಲಿ ಕಾಯುತ್ತಿರುವವನಿಗೆ ನಾವು ಕೊಡಬೇಕಾದದ್ದು ಆ ಎರಡನೆಯದನ್ನು.